ಸೊಸೆಯ ಪಕ್ಷ, ಸುಂಕದವಳ ಪಕ್ಷ

ಜನವರಿ ೧೨

ಪ್ರೀತಿಯ ಕಾಜಾ,

ಅಕ್ಷರ ನೋಡಿ ಗಾಬರಿಯಾಗಬೇಡ. ಹೇಳುತ್ತಿರುವವಳು ನಾನೇ, ಬರೆಯುತ್ತಿರುವವಳು ನನ್ನ ಮಗಳು. ನನ್ನ ಕಣ್ಣು ಕೈಕೊಟ್ಟಿದೆ. ನಟ್ಟನಡುವೆ ಒಂದು ಮಬ್ಬು ಬಂದು ಕೂತಿದೆ. ಯಾರಾದರೂ ಎದುರಿಗೆ ನಿಂತರೆ ಅವರ ಕಿವಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಪುಸ್ತಕ ಹಿಡಿದರೆ ಯಾವ ಪದ ನೋಡಬೇಕೋ ಅದೇ ಮಾಯ. ಇನ್ನು ಹೆಚ್ಚದ ಹಾಗೆ ನೋಡಿಕೊಳ್ಳಬಹುದು, ಹೋದದ್ದನ್ನು ತರಲಾಗದು ಎಂದು ಡಾಕ್ಟರು ಹೇಳಿಬಿಟ್ಟರು.

ಹೊಲಿಗೆ ಕೋಣೆಗೆ ಬೀಗ ಬಿತ್ತೆಂದು ನೀನು ಬರೆದಿದ್ದೆ. ನನಗೆ ಅಳು ಬಂತು. ಊಟವಾದ ಮೇಲೆ ಮೆಷಿನ್‌ಗಳನ್ನೆಲ್ಲ ನಿಲ್ಲಿಸಿ ಕೈಹೊಲಿಗೆಗೆ ಕೂರುತ್ತಿದ್ದೆವಲ್ಲ, ಆ ಹೊತ್ತು ಈಗಲೂ ನನ್ನ ಕಿವಿಯಲ್ಲಿದೆ. ನಾನು ಓದುತ್ತಿದ್ದೆ, ನನ್ನ ಪಾಲಿನ ಕಾಲರುಗಳನ್ನು ನೀವೆಲ್ಲ ಹಂಚಿಕೊಂಡು ಹೊಲಿಯುತ್ತಿದ್ದಿರಿ. ನೀನು ಕಾಜಾ ಹಾಕುತ್ತಾ ತಲೆಯೆತ್ತದೆ ಕೇಳುತ್ತಿದ್ದೆ. ಮೇಲ್ವಿಚಾರಕ ಬಂದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಈಗ ನನ್ನ ಮಾತು ಕೇಳು. ಮಗಳ ಮನೆಯ ಹಿಂದಿನ ಕೋಣೆ ಖಾಲಿ ಇದೆ. ಕಿಟಕಿಯಲ್ಲಿ ಬೆಳಕು ಚೆನ್ನಾಗಿ ಬರುತ್ತದೆ, ನಿನ್ನ ಸೂಜಿಗೂ ಸಾಕು. ನಿನಗೂ ಅಲ್ಲಿ ಒಬ್ಬಳೇ, ನನಗೂ ಇಲ್ಲಿ ಹಗಲೆಲ್ಲ ಒಬ್ಬಳೇ. ಬಂದುಬಿಡು. ಇಷ್ಟು ವರ್ಷ ನಾನು ನಿನಗೆ ಓದಿದೆ, ಇನ್ನು ನೀನು ನನಗೆ ಓದು. ಮಗಳು ಓದಿದರೆ ಔಷಧದ ಚೀಟಿ ಓದಿದ ಹಾಗಿರುತ್ತದೆ. (ಇದನ್ನೂ ಬರೆದಿದ್ದಾಳೆ, ಪಾಪ.)

ತಮ್ಮ ತೀರಿಕೊಂಡು ಮೊನ್ನೆಗೆ ವರ್ಷವಾಯಿತು. ಇವಳು ಮಾವನ ಫೋಟೊ ದೊಡ್ಡದು ಮಾಡಿಸಿ ನಡುಮನೆಯಲ್ಲಿ ಹಾಕಿದ್ದಾಳೆ. ಇವಳನ್ನು ಓದಿಸಿದವನು ಅವನೇ ತಾನೆ.

ಇಂತು ನಿನ್ನ,
ಅಕ್ಕ

*

ಫೆಬ್ರುವರಿ ೩

ಅಕ್ಕಾ,

ನಿನ್ನ ಕಾಗದ ಓದಿ ಒಂದು ಕಣ್ಣಲ್ಲಿ ಅತ್ತೆ, ಇನ್ನೊಂದರಲ್ಲಿ ನಕ್ಕೆ. ಕಣ್ಣಿನ ವಿಷಯಕ್ಕೆ ಅತ್ತದ್ದು. ನಕ್ಕದ್ದು ಯಾಕೆಂದರೆ, ನನ್ನ ಗಂಟಲಲ್ಲಿ ಪುಸ್ತಕ ಕೇಳುವಷ್ಟು ನಿನಗೆ ಗತಿಗೆಟ್ಟಿತೇ ಎಂದು.

ಬರುತ್ತೇನೆ. ಎರಡು ಸಲ ಯೋಚನೆಯನ್ನೂ ಮಾಡಲಿಲ್ಲ. ಈ ಕೋಣೆಯ ಕರಾರು ಮೇ ತಿಂಗಳಿಗೆ ಮುಗಿಯುತ್ತದೆ. ಮಂಚ, ಟ್ರಂಕು, ನನ್ನ ಹಳೆಯ ಮೆಷಿನ್, ಇಷ್ಟೇ ನನ್ನ ಸಂಸಾರ. ಮೆಷಿನ್ ತರಬಹುದು ತಾನೆ? ನಿನ್ನ ಮಗಳನ್ನು ಕೇಳು. (ಓದುತ್ತಿರುವವಳು ನೀನೇ ಅಲ್ಲವೇನಮ್ಮಾ, ನಿನ್ನನ್ನೇ ಕೇಳುತ್ತಿದ್ದೇನೆ. ಹೂಂ ಅನ್ನು.)

ಅಲ್ಲಿಗೆ ಬರುವಷ್ಟರಲ್ಲಿ ಓದು ಕಲಿತಿರಬೇಕೆಂದು ಲೈಬ್ರರಿಗೆ ಹೋದೆ. ಅಕ್ಷರ ಬರುತ್ತದೆ, ಅದಲ್ಲ. ಗಟ್ಟಿಯಾಗಿ, ನಿನ್ನ ಹಾಗೆ ಏರಿಸಿ ಇಳಿಸಿ ಓದುವುದನ್ನು ಕಲಿಯಬೇಕು. ಯಾವ ಪುಸ್ತಕ ತಂದೆ ಹೇಳು? ನಮ್ಮ ಆ ಎರಡೇ, ದಪ್ಪದ್ದೂ ತೆಳುವಿನದೂ. ಇಷ್ಟು ದೊಡ್ಡ ಹೆಸರಿನ ಪುಸ್ತಕಗಳು, ಕಾಲೇಜಿನಲ್ಲಿ ಪಾಠಕ್ಕಿಡುವಂಥವು. ನಾನು ಒಂದು ಸಲವೂ ಕೈಯಲ್ಲಿ ಹಿಡಿದಿರಲಿಲ್ಲ ನೋಡು. ನನಗೆ ಅವು ಪುಸ್ತಕಗಳೇ ಅಲ್ಲ, ನಿನ್ನ ದನಿ. ಕೆಳಗಿನ ಅಂಗಡಿಯವನು ಮೊನ್ನೆ ಮೆಟ್ಟಿಲು ಹತ್ತಿ ಬಂದು, ಯಾರ ಜೊತೆ ಜಗಳ ಎಂದು ವಿಚಾರಿಸಿದ. ಸೇತುವೆ ಸುಂಕದವಳು ಗಾಡಿಯವನನ್ನು ಬೈಯುವುದನ್ನು ಓದುತ್ತಿದ್ದೆ, ಸ್ವಲ್ಪ ಜೋರಾಗಿತ್ತು.

ನೆನಪಿದೆಯಾ, ನೀನು ಇವೆರಡನ್ನೂ ಓದಿದ ವರ್ಷ ಕೋಣೆ ಇಬ್ಭಾಗವಾಗಿತ್ತು. ಕಿಟಕಿಯ ಕಡೆ ಕೂರುವವರೆಲ್ಲ ಸೊಸೆಯ ಪಕ್ಷ, ಇಸ್ತ್ರಿ ಮೇಜಿನ ಕಡೆಯವರೆಲ್ಲ ಸುಂಕದವಳ ಪಕ್ಷ. ದಪ್ಪ ಪುಸ್ತಕದಲ್ಲಿ, ಉಪ್ಪಿನ ವ್ಯಾಪಾರಿಯ ಮನೆಯ ಸೊಸೆ ಗಂಡ ಸತ್ತರೂ ಮನೆ ಬಿಡಲಿಲ್ಲ. ದೋಣಿಯವನು ಬೆಳಗಿನ ದೋಣಿಗೆ ಬಾ ಎಂದು ಕರೆದರೂ ಗಂಟನ್ನು ಮೆಟ್ಟಿಲ ಬುಡದಲ್ಲಿ ಇಳಿಸಿ ಒಳಗೆ ಹೋದಳು. ಕೊನೆಗೆ ಇಡೀ ಮನೆ ಅವಳ ಮಾತಿನಂತೆ ನಡೆಯಿತು. ತೆಳುವಿನದರಲ್ಲಿ, ಸೇತುವೆ ಸುಂಕದವಳು ಕುದುರೆ ವ್ಯಾಪಾರಿಯ ಹಿಂದೆ ಹೋದಳು, ಅವನು ನಡುದಾರಿಯಲ್ಲಿ ಬಿಟ್ಟ, ತಿರುಗಿ ಬಂದರೆ ಅವಳ ಜಾಗದಲ್ಲಿ ಇನ್ನೊಬ್ಬಳು. ಸೇತುವೆಯ ಕೆಳಗೆ ಮಳೆಯಲ್ಲಿ ಸತ್ತಳು. ಇಸ್ತ್ರಿ ಮಾಡುವವಳು ಅವತ್ತು ಬಿಕ್ಕಿ ಬಿಕ್ಕಿ ಅತ್ತು ಒಂದು ಅಂಗಿ ಸುಟ್ಟಳು. ನಾವೆಲ್ಲ ಅವಳನ್ನು ಎಷ್ಟು ರೇಗಿಸಿದೆವು!

ನಾನು ಸೊಸೆಯ ಪಕ್ಷ. ನಿನಗೆ ಗೊತ್ತಲ್ಲ, ಆಗ ನನಗೂ ಊರು ಬಿಟ್ಟು ಹೋಗುವ ಒಂದು ಮಾತು ಬಂದಿತ್ತು. ಹೋಗಲಿಲ್ಲ. ಅಪ್ಪನನ್ನು ನೋಡಿಕೊಂಡೆ, ತಮ್ಮಂದಿರನ್ನು ದಡ ಹತ್ತಿಸಿದೆ. ಬೇಜಾರಾದಾಗೆಲ್ಲ ಆ ಸೊಸೆಯನ್ನು ನೆನೆಸಿಕೊಂಡೆ. ದೇವರನ್ನು ಇಷ್ಟು ನೆನೆಸಿಕೊಂಡಿದ್ದರೆ ಎಲ್ಲಿಗೋ ಮುಟ್ಟುತ್ತಿದ್ದೆ.

ತೆಳುವಿನದರಿಂದ ಶುರು ಮಾಡಿದ್ದೇನೆ.

ನಿನ್ನ,
ಕಾಜಾ

*

ಫೆಬ್ರುವರಿ ೨೦

ಅಕ್ಕಾ,

ಒಂದು ಸಣ್ಣ ವಿಷಯ ಕೇಳಬೇಕು. ನಗಬೇಡ.

ತೆಳು ಪುಸ್ತಕ ಮುಗಿಸಿದೆ. ಸುಂಕದವಳು ಸಾಯುವುದೇ ಇಲ್ಲ.

ಮೊದಲು ಪುಟ ಹರಿದಿರಬೇಕು ಎಂದುಕೊಂಡೆ. ಹರಿದಿಲ್ಲ. ವ್ಯಾಪಾರಿ ಅವಳನ್ನು ಬಿಟ್ಟುಹೋಗುವುದು ಸರಿಯಾಗಿದೆ, ಅವಳು ನಡೆದುಕೊಂಡು ಹಿಂದಿರುಗುವುದೂ ಸರಿಯಾಗಿದೆ. ಆಮೇಲೆ ನೀನು ಓದಿದ್ದು ಒಂದು, ಇಲ್ಲಿರುವುದು ಇನ್ನೊಂದು. ಇಲ್ಲಿ ಅವಳ ಜಾಗದಲ್ಲಿ ಯಾರೂ ಕೂತಿಲ್ಲ. ಗೂಡಿನ ಧೂಳು ಕೊಡವಿ ಮತ್ತೆ ಸುಂಕಕ್ಕೆ ಕೂರುತ್ತಾಳೆ. ತಲೆ ನರೆಯುತ್ತದೆ. ಒಂದು ದಿನ ಆ ವ್ಯಾಪಾರಿಯೇ ಕುದುರೆ ಹೊಡೆದುಕೊಂಡು ಬರುತ್ತಾನೆ, ಅವಳ ಗುರುತು ಹತ್ತುವುದಿಲ್ಲ. ಇವಳು ಎಲ್ಲರಿಂದ ತೆಗೆದುಕೊಳ್ಳುವಷ್ಟೇ ಸುಂಕ ತೆಗೆದುಕೊಂಡು ಅಡ್ಡಗಂಬ ಎತ್ತುತ್ತಾಳೆ. ಅವನು ದಾಟಿ ಹೋಗುತ್ತಾನೆ. ಕಥೆ ಮುಗಿಯುತ್ತದೆ.

ಮಳೆಯಿಲ್ಲ, ಸಾವಿಲ್ಲ. ಸೇತುವೆಯ ಕೆಳಗೆ ಹೆಣ ನೋಡಿದ ಕುರುಬರ ಮಾತು ನೀನು ಓದಿದ್ದೆಯಲ್ಲ, 'ಇವಳನ್ನ ಎಲ್ಲೋ ನೋಡಿದ ಹಾಗಿದೆ' ಎಂದು ಒಬ್ಬ ಹೇಳುತ್ತಾನಲ್ಲ? ಆ ಕುರುಬರೇ ಈ ಪುಸ್ತಕದಲ್ಲಿ ಇಲ್ಲ. ಎರಡು ಸಲ ಹುಡುಕಿದೆ.

ನನ್ನ ತಲೆ ಕೆಟ್ಟಿತೋ ಪುಸ್ತಕ ಕೆಟ್ಟಿತೋ ತಿಳಿಯದು. ನೀನೇ ಹೇಳಬೇಕು. ಈಗ ದಪ್ಪದ್ದು ಓದುತ್ತಿದ್ದೇನೆ. ಅದು ನಿಧಾನ. ಕಣ್ಣು ನನ್ನದೂ ಏನು ಹರೆಯದ್ದಲ್ಲ.

ನಿನ್ನ,
ಕಾಜಾ

*

ಮಾರ್ಚ್ ೬

ಪ್ರೀತಿಯ ಕಾಜಾ,

ನಿನ್ನ ಕಾಗದವನ್ನು ಮಗಳು ಓದಿ ಹೇಳಿದಳು. ಅಯ್ಯೋ ಅದಕ್ಯಾಕೆ ಅಷ್ಟು ತಲೆ ಕೆಡಿಸಿಕೊಂಡೆ? ಹಳೆಯ ಪುಸ್ತಕಗಳು ಹಾಗೇ. ಒಂದು ಮುದ್ರಣದಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ. ಕಾಲೇಜಿನವರಿಗಾಗಿ ತಿದ್ದಿರುತ್ತಾರೆ. ನಿನಗೆ ಸಿಕ್ಕಿದ್ದು ಅಂಥದ್ದಿರಬೇಕು. ಎಷ್ಟು ವರ್ಷದ ಮಾತು, ನನಗೂ ಸರಿಯಾಗಿ ನೆನಪಿಲ್ಲ.

ಇಲ್ಲಿ ಬಂದ ಮೇಲೆ ಬೇರೆ ಏನಾದರೂ ಓದೋಣ, ಹೊಸದು. ಆ ದಪ್ಪದ್ದನ್ನು ಹಿಂದಿರುಗಿಸಿಬಿಡು, ಸುಮ್ಮನೆ ಕಣ್ಣಿಗೆ ಆಯಾಸ. ಕೋಣೆಗೆ ಸುಣ್ಣ ಬಳಿಸಿದ್ದಾರೆ. ಮೆಷಿನ್ ತರಬಹುದಂತೆ, ಮಗಳು ಹೂಂ ಅಂದಿದ್ದಾಳೆ.

ಇಂತು ನಿನ್ನ,
ಅಕ್ಕ

*

ಮಾರ್ಚ್ ೨೯

ಅಕ್ಕಾ,

ಈ ಕಾಗದವನ್ನು ನಿನ್ನ ಮಗಳು ಓದುತ್ತಾಳೆಂದು ಗೊತ್ತು. ಓದಲಿ.

ಮುದ್ರಣದ ಮಾತು ಆಡಿದೆಯಲ್ಲ, ಅದಕ್ಕೆ ಮೊದಲು ಉತ್ತರ. ಇದು ನಮ್ಮದೇ ಪುಸ್ತಕ ಅಕ್ಕಾ. ನೀನು ಆಗ ಇದೇ ಲೈಬ್ರರಿಯಿಂದ ತರುತ್ತಿದ್ದೆ. ಸುಂಕದವಳು ಮೊದಲ ಸಲ ಕುದುರೆ ಹತ್ತುವ ಪುಟದಲ್ಲಿ ಮೆಷಿನ್ ಎಣ್ಣೆಯ ಕಲೆ ಇದೆ. ಆ ಎಣ್ಣೆ ಚೆಲ್ಲಿದವಳು ನಾನೇ, ಲೈಬ್ರರಿಯವರು ಬೈಯುತ್ತಾರೆಂದು ಬ್ರೆಡ್ಡಿನ ಪುಡಿ ಹಾಕಿ ಉಜ್ಜಿದವಳು ನೀನು. ಇದಕ್ಕಿಂತ ಬೇರೆ ಮುದ್ರಣ ಬೇಕೆ?

ದಪ್ಪದ್ದನ್ನೂ ಮುಗಿಸಿದೆ. ಸೊಸೆ ಹೋಗುತ್ತಾಳೆ.

ಈ ಎರಡು ಪದವನ್ನು ಬರೆಯಲು ನನಗೆ ವಾರ ಹಿಡಿಯಿತು. ಅವಳು ಆ ಮನೆಯಲ್ಲಿ ಉಳಿಯುವುದಿಲ್ಲ. ಯಾರೂ ಅವಳ ಮಾತಿನಂತೆ ನಡೆಯುವುದಿಲ್ಲ. ಬೆಳಗಿನ ದೋಣಿಗೆ ಹೋಗುವುದಿಲ್ಲ, ಅದು ನಿಜ. ದೋಣಿಯವನು ಕಾದು ಕಾದು ಹೊರಟುಹೋಗುತ್ತಾನೆ. ಮಧ್ಯಾಹ್ನದ ದೋಣಿಗೆ ಒಬ್ಬಳೇ ಹತ್ತುತ್ತಾಳೆ. ಅವನಿರುವ ಊರಿಗಲ್ಲ, ಇನ್ನೊಂದಕ್ಕೆ. ಅಲ್ಲಿ ಬಲೆ ನೇಯುವ ಕೆಲಸ ಹಿಡಿಯುತ್ತಾಳೆ. ಕೊನೆಯ ಅಧ್ಯಾಯವೆಲ್ಲ ಅದೇ. ಯಾಕೆ ಒಬ್ಬಳೇ ಹೋದಳೆನ್ನುವುದೂ ಅಲ್ಲೇ ಇದೆ. ನಿನಗೆ ಗೊತ್ತಿರುವುದೇ, ನಾನೇಕೆ ಹೇಳಲಿ.

ನೀನು ಆ ಇಬ್ಬರು ಹೆಂಗಸರನ್ನು ನಮ್ಮ ಮುಂದೆ ಎದುರುಬದುರು ಕೂರಿಸಿದೆ. ಉಳಿದವಳು ಗೆದ್ದಳು, ಹೋದವಳು ಕೆಟ್ಟಳು, ನೋಡಿಕೊಳ್ಳಿ ಎಂದೆ. ನಾವು ಸೂಜಿ ಹಿಡಿದುಕೊಂಡೇ ಪಕ್ಷ ಕಟ್ಟಿದೆವು, ಜಗಳವಾಡಿದೆವು, ಒಬ್ಬರಿಗೊಬ್ಬರು ಮಾತು ಬಿಟ್ಟೆವು. ಪುಸ್ತಕದಲ್ಲಿ ನೋಡಿದರೆ ಅವರು ಅಕ್ಕತಂಗಿಯರಿದ್ದ ಹಾಗಿದ್ದಾರೆ. ಇಬ್ಬರೂ ಹೋದವರೇ, ಇಬ್ಬರೂ ಬದುಕಿದವರೇ. ಒಬ್ಬಳು ಮೋಸ ಹೋಗಿ ಬುದ್ಧಿ ಕಲಿತಳು, ಇನ್ನೊಬ್ಬಳು ಮೊದಲೇ ತಿಳಿದುಕೊಂಡಳು. ಇಷ್ಟೇ ವ್ಯತ್ಯಾಸ. ಯಾವ ಪಕ್ಷವೂ ಇರಲಿಲ್ಲ ಅಕ್ಕಾ.

ಈಗ ನಾನು ಇಷ್ಟು ದಿನ ಬರೆಯದಿದ್ದದ್ದನ್ನು ಬರೆಯುತ್ತೇನೆ. ಆ ವರ್ಷ ನಿನ್ನ ತಮ್ಮ ಮೆಷಿನ್ ರಿಪೇರಿಗೆ ನಮ್ಮ ಕೋಣೆಗೆ ಬರುತ್ತಿದ್ದ. ತನ್ನೂರಿಗೆ ಬಾ, ಮದುವೆಯಾಗೋಣ ಎಂದು ನನ್ನನ್ನು ಕೇಳಿದ. ಅವನೂರಿನ ದೊಡ್ಡ ಕಾರ್ಖಾನೆಯಲ್ಲಿ ಹೆಂಗಸರಿಗೂ ಕಟಿಂಗ್ ಕೆಲಸ ಕೊಡುತ್ತಾರೆಂದೂ ಅವನೇ ಹೇಳಿದ. ನಮ್ಮಲ್ಲಿ ಕತ್ತರಿ ಗಂಡಸರದು. ಕಟಿಂಗ್ ಮಾಸ್ತರು ಊಟಕ್ಕೆ ಹೋದಾಗ ನಾನು ಕದ್ದು ಅವರ ಮೇಜಿನ ಮೇಲೆ ಚೂರುಬಟ್ಟೆಯಲ್ಲಿ ತೋಳು ಕತ್ತರಿಸುತ್ತಿದ್ದದ್ದು ನೀನೊಬ್ಬಳೇ ಕಂಡದ್ದು. ನನಗೆ ಬೇಕಾಗಿದ್ದದ್ದು ನಿನ್ನ ತಮ್ಮನೋ ಆ ಕತ್ತರಿಯೋ, ಆಗ ನನಗೇ ಗೊತ್ತಿರಲಿಲ್ಲ. ಎರಡನ್ನೂ ಒಂದೇ ಗಂಟು ಎಂದುಕೊಂಡಿದ್ದೆ.

ನಿನ್ನನ್ನು ಕೇಳಿದೆ. ನೀರಿನ ಮಡಕೆಯ ಹತ್ತಿರ, ನಾವಿಬ್ಬರೇ ಇದ್ದೆವು. "ಅಕ್ಕಾ, ನಿನ್ನ ತಮ್ಮ ಹೇಗೆ? ನಿಜ ಹೇಳು" ಎಂದೆ. ನೀನು "ಬಂಗಾರ ಕಣೇ. ಅವನನ್ನ ಕಟ್ಟಿಕೊಳ್ಳೋಳು ಪುಣ್ಯ ಮಾಡಿರಬೇಕು" ಎಂದೆ. ಅದೇ ವಾರ ಸುಂಕದವಳನ್ನು ಸಾಯಿಸಿದೆ. ಮುಂದಿನ ತಿಂಗಳು ಸೊಸೆಯನ್ನು ಮನೆಯಲ್ಲೇ ಉಳಿಸಿಕೊಂಡೆ. ಕೇಳಿ ಕೇಳಿ ನನ್ನ ಮನಸ್ಸು ತಿರುಗಿತು, ಬರುವುದಿಲ್ಲ ಎಂದು ಅವನಿಗೆ ಹೇಳಿ ಕಳಿಸಿದೆ. ಆರೇ ತಿಂಗಳಿಗೆ ಅವನು ನಮ್ಮ ಇಸ್ತ್ರಿಯವಳನ್ನು ಕಟ್ಟಿಕೊಂಡು ಹೋದ. ನಾನು ಇಷ್ಟು ವರ್ಷ ಅವಳನ್ನು ನೆನೆಸಿಕೊಂಡು ಹೊಟ್ಟೆ ಉರಿಸಿಕೊಂಡೆ.

ನಾನು ನಿನ್ನ ಪಾಲಿನ ಕಾಲರು ಹೊಲಿದೆ. ನೀನು ನನಗೆ ಓದಿದ್ದೇನು?

ಯಾಕೆ ಹಾಗೆ ಮಾಡಿದೆ ಎಂದು ಬರೆ. ಸುಣ್ಣ ಬಳಿದ ಕೋಣೆಯ ಮಾತು ಆಮೇಲೆ.

ಕಾಜಾ

*

ಏಪ್ರಿಲ್ ೨೪

ಕಾಜಾ,

ಇದು ನನ್ನ ಕೈ. ಸಾಲಿನ ಮೇಲೆ ಸಾಲು ಹತ್ತಿರಬಹುದು, ಬಿಡಿಸಿ ಓದಿಕೋ. ಮಬ್ಬಿನ ಅಂಚಿನಿಂದ ಓರೆಗಣ್ಣಲ್ಲಿ ನೋಡುತ್ತಾ ಬರೆಯುತ್ತಿದ್ದೇನೆ.

ನಿನ್ನ ಕಾಗದವನ್ನು ಮಗಳು ಎಣ್ಣೆ ಕಲೆಯವರೆಗೆ ಓದಿದಳು, ಸೊಸೆ ಹೋದದ್ದನ್ನೂ ಓದಿದಳು. ಆಮೇಲೆ ತಡವರಿಸಿದಳು. "ಇನ್ನೇನಿಲ್ಲಮ್ಮ, ಎಲ್ಲರನ್ನೂ ಕೇಳಿದೆ ಅಂತ ಬರೆದಿದ್ದಾರೆ" ಎಂದು ಮಡಿಚಿಟ್ಟಳು. ಅವಳು ಕೆಲಸಕ್ಕೆ ಹೋದ ಮೇಲೆ ಭೂತಗನ್ನಡಿ ಹಿಡಿದು ಉಳಿದದ್ದನ್ನು ನಾನೇ ಒಂದೊಂದೇ ಅಕ್ಷರ ಹೆಕ್ಕಿ ಓದಿದೆ. ಎರಡು ಹಗಲು ಬೇಕಾಯಿತು. ನೀನು ಬೈದದ್ದನ್ನು ಅಷ್ಟು ನಿಧಾನವಾಗಿ ಓದುವುದು ಕಷ್ಟ.

ನನ್ನ ತಮ್ಮ ಹೆಂಡತಿಗೆ ಹೊಡೆಯುತ್ತಿದ್ದ. ಮೊದಲನೆಯವಳು ತಾನಾಗಿ ಬಿಟ್ಟು ಹೋದಳೆಂದು ನಿಮಗೆಲ್ಲ ಹೇಳಿದ್ದೆವಲ್ಲ, ಅವಳ ಮುರಿದ ಮಣಿಕಟ್ಟಿಗೆ ಪಟ್ಟಿ ಕಟ್ಟಿ ಬಸ್ಸು ಹತ್ತಿಸಿದವಳು ನಾನು. ಆಮೇಲೆ ಅವನ ಕಣ್ಣು ನಿನ್ನ ಮೇಲೆ ಬಿತ್ತು. ಹೇಳಬೇಕು ಎಂದು ದಿನಾ ಅಂದುಕೊಂಡೆ. ನನ್ನ ಗಂಡ ಹೋಗಿ ಆಗಿತ್ತು, ನನ್ನನ್ನೂ ಮಗಳನ್ನೂ ಸಾಕುತ್ತಿದ್ದವನು ಅವನು. ಒಂದು ಮಾತು ಹೊರಗೆ ಬಿದ್ದರೆ ನಮ್ಮಿಬ್ಬರನ್ನೂ ಬೀದಿಗೆ ಹಾಕುತ್ತಿದ್ದ. ಅದಕ್ಕಿಂತ ಹೆಚ್ಚಾಗಿ ನಾಚಿಕೆ. ಒಡಹುಟ್ಟಿದವನು ಕಣೇ. ನೀನು ಮಡಕೆಯ ಹತ್ತಿರ ಕೇಳಿದಾಗ ಬಾಯಿ ತಾನೇ ತಾನಾಗಿ ಬಂಗಾರ ಅಂದುಬಿಟ್ಟಿತು.

ಆಮೇಲೆ ಪುಸ್ತಕದಿಂದ ಹೇಳಿಸಿದೆ. ನೀನು ನನ್ನ ಓದನ್ನು ಎಷ್ಟು ನಂಬುತ್ತಿದ್ದೆ ಎಂದು ನನಗೆ ಗೊತ್ತಿತ್ತು. ಮಳೆ, ಹೆಣ, ಕುರುಬರು ಎಲ್ಲ ಅಲ್ಲೇ ಕೂತಲ್ಲೇ ಹುಟ್ಟಿದವು. ದಪ್ಪ ಪುಸ್ತಕದಲ್ಲಿ, ಸೊಸೆ ಗಂಟು ಹಿಡಿದು ಮೆಟ್ಟಿಲು ಇಳಿಯುವಾಗ ಆ ಮನೆಯ ಅಡುಗೆಯವಳು ಅವಳನ್ನು ತಡೆಯುತ್ತಾಳಲ್ಲ, ಅಲ್ಲಿಯವರೆಗೆ ಇದ್ದದ್ದನ್ನು ಇದ್ದ ಹಾಗೆ ಓದಿದೆ. 'ಅವನು ನನ್ನ ಸ್ವಂತ ಅಕ್ಕನ ಮಗ' ಎಂದು ಅವಳು ದೋಣಿಯವನ ಮಾತು ತೆಗೆದಳು ನೋಡು, ಮುಂದೇನು ಬರುತ್ತದೆಂದು ಹೊಳೆದು ನನ್ನ ನಾಲಿಗೆ ಹೊರಳಲಿಲ್ಲ. ಇದ್ದಬದ್ದ ಪುಟಗಳನ್ನೆಲ್ಲ ಒಟ್ಟಿಗೆ ಮಗುಚಿ ನನ್ನದೇ ಕಥೆ ಹೇಳಿದೆ. ಸಂಜೆ ಪುಸ್ತಕ ಹಿಂದಿರುಗಿಸಿಬಿಟ್ಟೆ. ಆ ಪುಟಗಳನ್ನು ನಾನು ಇವತ್ತಿನವರೆಗೂ ಓದಿಲ್ಲ.

ನೀನು ಉಳಿದುಕೊಂಡೆ. ನಿನ್ನ ಮೈಮೇಲೆ ಒಂದು ಗೀರು ಬೀಳದ ಹಾಗೆ ನೋಡಿಕೊಂಡೆ. ಅದಕ್ಕೆ ನನಗೆ ಈಗಲೂ ಪಶ್ಚಾತ್ತಾಪವಿಲ್ಲ. ಇಸ್ತ್ರಿಯವಳಿಗೆ ಏನೂ ಹೇಳಲಿಲ್ಲ, ಅದಕ್ಕಿದೆ. ಅವಳೀಗ ಅವನೂರಲ್ಲೇ ಬಸ್ ನಿಲ್ದಾಣದ ಹತ್ತಿರ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ ಇಟ್ಟಿದ್ದಾಳೆಂದು ಕೇಳಿದ್ದೇನೆ. ಅವನ ಕೊನೆಗಾಲಕ್ಕೂ ಬರಲಿಲ್ಲ.

ಇದನ್ನು ಮಗಳಿಗೆ ತಿಳಿಸಬೇಡ. ಬಾ.

ಅಕ್ಕ

*

ಮೇ ೧೯

ಅಕ್ಕಾ,

ಮಾರ್ಕರ್ ಪೆನ್ನು ಕೊಂಡು ತಂದು ದೊಡ್ಡಕ್ಷರದಲ್ಲಿ ಬರೆಯುತ್ತಿದ್ದೇನೆ. ಮಗಳ ಕೈಗೆ ಕೊಡಬೇಡ, ನೀನೇ ಓದು. ನಡುವೆ ಯಾರೂ ಬೇಡ.

ಅವನೂರಿಗೆ ಹೋಗಿದ್ದೆ. ಅರ್ಧ ದಿನದ ಬಸ್ಸು. ಅಷ್ಟು ಹತ್ತಿರವಿದ್ದ ಊರು ಇಷ್ಟು ವರ್ಷ ನನಗೆ ಸಮುದ್ರದಾಚೆ ಇದ್ದ ಹಾಗಿತ್ತು. ಬಸ್ಸು ಆ ಕಾರ್ಖಾನೆಯ ಗೇಟಿನ ಮುಂದೆಯೇ ನಿಂತಿತು, ಪಾಳಿ ಬಿಡುವ ಹೊತ್ತು. ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಮರೆತು ಹೊರಬಂದ ಹೆಂಗಸರನ್ನು ನೋಡಿದೆ. ನನ್ನ ವಯಸ್ಸಿನವರೂ ಇದ್ದರು. ಕತ್ತರಿ ಹಿಡಿದು ಹಿಡಿದು ಹೆಬ್ಬೆರಳ ಬುಡ ಉಬ್ಬಿರುತ್ತದಲ್ಲ, ಒಬ್ಬಳು ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತು ಅದನ್ನೇ ತಿಕ್ಕಿಕೊಳ್ಳುತ್ತಿದ್ದಳು. ನಾನು ನನ್ನ ಬೆರಳು ನೋಡಿಕೊಂಡೆ. ಸೂಜಿಯ ತೂತುಗಳೇ.

ಇಸ್ತ್ರಿಯವಳು ನನ್ನನ್ನು ನೋಡಿದ ಕೂಡಲೇ "ಕಾಜಾ" ಎಂದಳು. ಅಂಗಡಿ ಚಿಕ್ಕದು, ಒಳಗೆಲ್ಲ ಹಬೆ, ಹಗ್ಗದ ತುಂಬ ಹೋಟೆಲಿನ ಬಿಳಿ ಹೊದಿಕೆಗಳು. ನಾನು ಎಡಗಡೆ ಕೂತು ಮಾತಾಡಿದೆ, ಅವಳು ಉತ್ತರ ಕೊಡಲಿಲ್ಲ. ಬಲಗಡೆಗೆ ಬಾ ಎಂದು ಸನ್ನೆ ಮಾಡಿದಳು. ಆ ಕಿವಿ ಯಾಕೆ ಹೋಯಿತೆಂದು ನಾನು ಕೇಳಲಿಲ್ಲ, ಅವಳೇ ಹೇಳಿದಳು. ಮದುವೆಯಾದ ಎರಡನೇ ವರ್ಷವಂತೆ. ಒಂದು ದಿನ ಅವನು ಕೆಲಸಕ್ಕೆ ಹೋದಾಗ ಇಸ್ತ್ರಿ ಪೆಟ್ಟಿಗೆಯೊಂದನ್ನೇ ಎತ್ತಿಕೊಂಡು ಮನೆ ಬಿಟ್ಟಳಂತೆ. ಅದನ್ನು ಹೇಳುವಾಗ ನಕ್ಕಳು, ಅದರ ತೂಕಕ್ಕೆ ಭುಜ ವಾರವಿಡೀ ನೋಯುತ್ತಿತ್ತಂತೆ.

ನೀನು ಪುಸ್ತಕ ಬದಲಾಯಿಸಿದ್ದನ್ನು ಅವಳಿಗೆ ಹೇಳಿದೆ. ಹೇಳಬಾರದಿತ್ತೋ ಏನೋ, ಹೇಳಿದೆ. ನಿನ್ನ ಅಳುಕು ನಿನ್ನದು, ನಾನೇಕೆ ಹೊತ್ತುಕೊಂಡು ತಿರುಗಲಿ. ಸುಂಕದವಳು ಸಾಯಲಿಲ್ಲ ಎಂದಾಗ ಅವಳ ಕೈ ನಿಂತಿತು. ಆ ವ್ಯಾಪಾರಿ ಬಂದದ್ದು, ಇವಳು ಸುಂಕ ತೆಗೆದುಕೊಂಡದ್ದು, ಕಂಬ ಎತ್ತಿದ್ದು ಎಲ್ಲ ಹೇಳಿದೆ. "ಅವನಿಗೆ ಗುರುತೇ ಸಿಗಲಿಲ್ವಾ? ದುಡ್ಡು ಪೂರ್ತಿ ತಗೊಂಡಳಾ?" ಎಂದು ಎರಡೆರಡು ಸಲ ಕೇಳಿದಳು. ಆಮೇಲೆ ಕಣ್ಣೊರೆಸಿಕೊಂಡು ಮತ್ತೆ ಇಸ್ತ್ರಿಗೆ ನಿಂತಳು.

ನನಗೊಂದು ಅನುಮಾನ ಕೊರೆಯುತ್ತಿತ್ತು. ಸುಂಕದವಳ ಹೆಣವನ್ನು ನೀನು ಅವಳೆದುರೂ ಓದಿದ್ದೆ. ಅಷ್ಟು ಅತ್ತವಳು ಹೇಗೆ ಹೋದಳು? ಕೇಳಿದೆ. ಅವಳು ಹೊದಿಕೆ ಮಡಿಸುತ್ತಾ ಹೇಳಿದಳು: "ಸುಂಕದವಳು ದಾರಿಹೋಕನ್ನ ನಂಬಿ ಕೆಟ್ಟಳು. ನಾನೇನು ದಾರಿಹೋಕನ ಹಿಂದೆ ಹೋದೆನಾ? ಓದೋ ಅಕ್ಕನ ತಮ್ಮ ಅಂತ ಹೋದೆ."

ಇದನ್ನು ಇನ್ನೊಂದು ಸಲ ಓದು ಅಕ್ಕಾ. ಭೂತಗನ್ನಡಿ ಹಿಡಿದು ಓದು.

ಅವಳೂ ನಿನ್ನನ್ನು ಕೇಳಿದ್ದಳಂತೆ. ಅವಳಿಗೂ ಬಂಗಾರ ಅಂದೆಯಂತೆ. ಆಗ ನೀನು ಯಾವುದೋ ನಗೆಪುಸ್ತಕ ಓದುತ್ತಿದ್ದೆ, ಅದರ ಒಂದಕ್ಷರವನ್ನೂ ಬದಲಾಯಿಸಲಿಲ್ಲ. ನನ್ನನ್ನು ಉಳಿಸಿದೆ ಎನ್ನುತ್ತೀ. ಕೂಡಿಹಾಕಿದೆ. ಅವಳನ್ನು ಸುಮ್ಮನೆ ನೂಕಿದೆ. ಅವನು ಕೆಟ್ಟವನೆಂದು ಗೊತ್ತಾಗಿದ್ದರೆ ನಾನು ಅವನನ್ನು ಬಿಟ್ಟು ಕತ್ತರಿಯನ್ನಷ್ಟೇ ಹುಡುಕಿಕೊಂಡು ಹೋಗುತ್ತಿದ್ದೆನೋ ಏನೋ. ಹೋಗುತ್ತಿದ್ದೆ ಎಂದು ಆಣೆ ಮಾಡಲಾರೆ. ಅಪ್ಪನಿದ್ದ, ತಮ್ಮಂದಿರಿದ್ದರು, ನಾನೂ ಅಂಥ ಧೈರ್ಯದವಳಲ್ಲ. ಆದರೆ ಹಾಗೆ ಯೋಚಿಸುವ ಒಂದು ಸಂಜೆಯಾದರೂ ನನ್ನದಾಗುತ್ತಿತ್ತು. ನೀನು ಅದನ್ನು ಕಿತ್ತುಕೊಂಡೆ. ಕಿತ್ತುಕೊಂಡು, ಸೊಸೆ ಮನೆಯಲ್ಲೇ ಉಳಿದಳು ಎಂದು ನನಗೆ ಸಮಾಧಾನ ಕೊಟ್ಟೆ. ನಾನು ಆ ಸಮಾಧಾನವನ್ನು ಅನ್ನದ ಹಾಗೆ ತಿಂದೆ.

ನನಗೆ ನಿನ್ನಷ್ಟು ಹತ್ತಿರದವರು ಯಾರೂ ಇರಲಿಲ್ಲ. ಅದಕ್ಕೇ ಇಷ್ಟು ಸಿಟ್ಟು.

ಕಾಜಾ

*

ಜುಲೈ ೨

ಕಾಜಾ,

ದೊಡ್ಡಕ್ಷರ ಕಂಡಿತು. ಎಲ್ಲ ಓದಿದೆ.

ಈಗ ಬೆಳಕಿನ ಅಂಚೂ ಕಿರಿದಾಗಿದೆ. ಇದೇ ನಾನು ಬರೆಯುವ ಕೊನೆಯ ಕಾಗದ ಇರಬಹುದು. ಮಗಳಿಗೆ ಅವಳ ಮಾವನ ವಿಷಯ ಹೇಳಿದೆ. ಅವನು ನಿನ್ನನ್ನು ಕೇಳಿದ್ದು, ನಾನು ಕಥೆ ತಿರುಚಿದ್ದು ನಿನ್ನ ಮಾರ್ಚ್ ಕಾಗದದಿಂದ ಆಗಲೇ ತಿಳಿದಿತ್ತಂತೆ. ನನಗೆ ನೋವಾಗುತ್ತದೆಂದು ಓದದೆ ಬಿಟ್ಟಳಂತೆ. ಫೋಟೊ ಇನ್ನೂ ಅಲ್ಲೇ ಇದೆ. ನಾವು ಅದರ ಮಾತು ಆಡುವುದಿಲ್ಲ.

ಬಾ ಎಂದು ಕರೆಯುವ ಮುಖ ನನಗಿಲ್ಲ. ಆದರೂ ಕರೆಯುತ್ತಿದ್ದೇನೆ. ಬರಲಾಗದಿದ್ದರೆ ಒಂದನ್ನಾದರೂ ಬರೆ. ಆ ಅಡುಗೆಯವಳು ಸೊಸೆಗೆ ಏನು ಹೇಳಿದಳು? ಹೇಗೆ ಹೇಳಿದಳು? ಮಗಳಿಗೆ ಪುಸ್ತಕ ತರಲು ಹೇಳಬಹುದು. ಅವಳ ಬಾಯಿಂದ ಕೇಳಲು ಮನಸ್ಸಿಲ್ಲ. ತುಂಬ ಹೇಳಿದಳೋ? ಇಡೀ ಅಧ್ಯಾಯ ಇರಬೇಕು. ಹೇಳುವುದು ಅಷ್ಟು ಸುಲಭವಲ್ಲ, ನನಗೆ ಗೊತ್ತು.

ಅಕ್ಕ

*

ಜುಲೈ ೨೫

ಅಕ್ಕಾ,

ಕೇಳಿದ್ದೀಯ, ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಒಂದೊಂದು ಅಕ್ಷರವೂ ಹೆಬ್ಬೆರಳಿನಷ್ಟು ಮಾಡಿದ್ದೇನೆ, ಕಾಣುತ್ತದೆ. ಪುಸ್ತಕವನ್ನು ಮುಂದಿಟ್ಟುಕೊಂಡು ಎರಡು ಸಲ ತಾಳೆ ನೋಡಿದ್ದೇನೆ.

ಅಧ್ಯಾಯವೇನೂ ಇಲ್ಲ. ಸೊಸೆ ಗಂಟು ಹಿಡಿದು ಇಳಿಯುತ್ತಿದ್ದಾಳೆ. ಅಡುಗೆಯವಳು ತೊಳೆದ ಪಾತ್ರೆ ಹೊತ್ತು ಮೇಲೆ ಬರುತ್ತಿದ್ದಾಳೆ. ದಾರಿ ಕಿರಿದು, ಇಬ್ಬರೂ ನಿಲ್ಲುತ್ತಾರೆ. ಅಡುಗೆಯವಳು ಹೇಳುತ್ತಾಳೆ:

"ಅವನು ನನ್ನ ಸ್ವಂತ ಅಕ್ಕನ ಮಗ.

ಹೆಂಡತಿಗೆ ಹೊಡೀತಾನೆ.

ನಿನಗೆ ಗೊತ್ತಿರಲಿ ಅಂತ ಹೇಳಿದೆ.

ಹೋಗೋದು ಬಿಡೋದು ನಿನ್ನಿಷ್ಟ."

ಇಷ್ಟೇ. ಹೇಳಿ, ಪಾತ್ರೆಗಳನ್ನು ಒಳಗೆ ಜೋಡಿಸಲು ಹೋಗುತ್ತಾಳೆ. ಆಮೇಲೆ ಅವಳ ಹೆಸರು ಪುಸ್ತಕದಲ್ಲಿ ಎಲ್ಲೂ ಬರುವುದಿಲ್ಲ. ಸೊಸೆ ಮೆಟ್ಟಿಲ ಮೇಲೆ ಕೂರುತ್ತಾಳೆ, ಬೆಳಗಾಗುವವರೆಗೆ ಕೂತಿರುತ್ತಾಳೆ.

ನಾನು ಇದನ್ನು ಗಟ್ಟಿಯಾಗಿ ಓದಿ ನೋಡಿದೆ. ಒಂದು ಗುಂಡಿ ಹೊಲಿಯುವಷ್ಟು ಹೊತ್ತೂ ಹಿಡಿಯಲಿಲ್ಲ ಅಕ್ಕಾ.

ನಾನು ಬರುವುದಿಲ್ಲ.

ಇತಿ,
ಕಾಜಾ